ಕಪ್ಪಿಲ್ಲದ ಕಾವಲಿ

ನಮ್ಮ ಮನೆಯಲ್ಲಿ ಒಂದು ಹಿತ್ತಾಳೆ ದಬರಾ ಇದೆ. ನನ್ನ ಮದುವೆಗೆ ಬಂದದ್ದು. ಜೊತೆಗಿದ್ದ ಲೋಟ ಎಂದೋ ಕಳೆದುಹೋಗಿ ಇದೊಂದೇ ಉಳಿದಿದೆ. ಅದರ ತಳದಲ್ಲಿ ಕಡುನೀಲಿ ಬಣ್ಣದ ಒಂದು ಗುರುತು. ಹುಣಸೆಹಣ್ಣು ಹಾಕಿ ತಿಕ್ಕಿದೆ, ಬೂದಿ ಹಾಕಿ ತಿಕ್ಕಿದೆ, ಟೀವಿಯಲ್ಲಿ ತೋರಿಸುವ ಪುಡಿಯನ್ನೂ ತರಿಸಿ ತಿಕ್ಕಿದೆ. ಜಪ್ಪಯ್ಯ ಎಂದರೂ ಹೋಗಲಿಲ್ಲ. ಅದರಲ್ಲಿ ಕಾಫಿ ಆರಿಸಿಕೊಂಡು ಕುಡಿದರೆ ಈಗಲೂ ಟರ್ಪೆಂಟೈನಿನ ಘಾಟು. ಅಷ್ಟಾಗಿ ಇಷ್ಟವಿಲ್ಲದ ನೆಂಟರು ಬಂದಾಗ ಅದರಲ್ಲೇ ಕಾಫಿ ಕೊಟ್ಟರೆ ಹೇಗೆ ಎಂದು ಒಂದೆರಡು ಸಲ ಯೋಚಿಸಿದ್ದುಂಟು, ಕೊಟ್ಟಿಲ್ಲ, ಸದ್ಯ. ಆದರೆ ಅದನ್ನು ತೊಳೆಯಲು ಕೈಗೆತ್ತಿಕೊಂಡ ದಿನ ಉಳಿದ ಪಾತ್ರೆಗಳೆಲ್ಲ ಸಿಂಕಿನಲ್ಲೇ ಉಳಿಯುತ್ತವೆ. ಇವತ್ತೂ ಹಾಗೇ ಆಯಿತು. ಕೈ ಒರೆಸಿಕೊಂಡು ಬಂದು ನಿಮ್ಮೆದುರು ಕೂತಿದ್ದೇನೆ.

ಆ ನೀಲಿ ಬಳಿದವಳು ನನ್ನ ತಮ್ಮ ವಾಸುವಿನ ಮಗಳು ನಂದಿತಾ. ನಮಗೆಲ್ಲ ನಂದು. ವಾಸು ಮದ್ರಾಸಿನ ಮೈಲಾಪೂರಿನಲ್ಲಿ ನಮ್ಮ ಅಪ್ಪ ಶುರುಮಾಡಿದ ತಿಂಡಿ ಹೋಟೆಲನ್ನು ನಡೆಸುತ್ತಾನೆ. ನಾವು ಉಡುಪಿ ಕಡೆಯವರು. ಊರಿನಲ್ಲಿ ಈಗ ನಮ್ಮದೆಂದು ಹೇಳಿಕೊಳ್ಳಲು ಒಂದು ತೆಂಗಿನಮರವೂ ಇಲ್ಲ, ಆದರೆ ಮಾತಿನಲ್ಲಿ ಊರು ಇನ್ನೂ ಇದೆ. ನಾನು ಇಲ್ಲಿಯ ವಿಮಾ ಕಚೇರಿಯೊಂದರಲ್ಲಿ ದುಡಿದು ನಿವೃತ್ತಳಾದೆ, ನಮ್ಮ ಯಜಮಾನರು ರೈಲ್ವೆಯಲ್ಲಿ. ಹೋಟೆಲಿನಿಂದ ಎರಡು ಬೀದಿ ಆಚೆ ಒಂದು ಹಳೆಯ ಫ್ಲಾಟಿನಲ್ಲಿದ್ದೇವೆ. ನಮ್ಮದು ಕೊನೆಯ ಮಹಡಿಯಾದ್ದರಿಂದ ತಾರಸಿಯ ಮೇಲೆ ನಮಗೇ ಹೆಚ್ಚು ಹಕ್ಕು ಎಂದು ನಾನು ತಿಳಿದಿದ್ದೇನೆ. ಉಳಿದ ಮನೆಯವರು ಹಾಗೆ ತಿಳಿದಿಲ್ಲ.

ನಂದುವಿಗೆ ಚಿತ್ರಕಲೆಯ ಮೊದಲ ಗುರು ನಾನು. ನಗಬೇಡಿ. ನನಗೆ ಬರುತ್ತಿದ್ದದ್ದು ಒಂದೇ ಚಿತ್ರ: ಎರಡು ತ್ರಿಕೋನದ ಗುಡ್ಡ, ನಡುವೆ ಕಿರಣಗಳ ಸೂರ್ಯ, ಕೆಳಗೆ ಒಂದು ಹೊಳೆ, ಹೊಳೆಯ ಮೇಲೆ ದೋಣಿ, ಆಕಾಶದಲ್ಲಿ ನಾಲ್ಕು ಹಕ್ಕಿ. ಮದ್ರಾಸಿನಲ್ಲಿ ಹುಟ್ಟಿ ಬೆಳೆದ ನಾನು ಅಂಥ ಗುಡ್ಡವನ್ನು ಕಣ್ಣಾರೆ ನೋಡಿದವಳೇ ಅಲ್ಲ. ಸೂರ್ಯ ಇಲ್ಲಿ ಸಮುದ್ರದಿಂದ ಏಳುತ್ತಾನೆ ಎಂಬುದನ್ನು ದಿನಾ ನೋಡುತ್ತಿದ್ದೆ. ಆದರೂ ಕಾಗದ ಸಿಕ್ಕರೆ ಗುಡ್ಡವೇ. ಇದನ್ನೇ ಆ ಮಗುವಿಗೂ ಕಲಿಸಿದೆ. ಅವಳು ಒಂದು ವಾರ ಬರೆದು, ಎಂಟನೆಯ ದಿನಕ್ಕೆ ದೋಣಿಯೊಳಗೆ ಹೋಟೆಲಿನ ಭಟ್ಟರನ್ನು ಕೂರಿಸಿದಳು. ಭಟ್ಟರ ಮೂಗು ಭಟ್ಟರದ್ದೇ. ನನ್ನ ಗುರುತನ ಅಲ್ಲಿಗೆ ಮುಗಿಯಿತು.

ಅವಳ ವಿಶೇಷ ಗೆರೆಯಲ್ಲಿತ್ತು. ಸ್ಕೆಚ್ ಪೆನ್ನಿನ ಗೆರೆ ಅವಳಿಗೆ ಸಾಲುತ್ತಿರಲಿಲ್ಲ. ನಮ್ಮ ಅಮ್ಮ ಮನೆಯಲ್ಲೇ ಮಾಡುತ್ತಿದ್ದ ಕಾಡಿಗೆಯ ಡಬ್ಬಿ ಕದ್ದು, ಕಡ್ಡಿಯ ತುದಿಗೆ ಅದ್ದಿಕೊಂಡು ಚಿತ್ರದ ಅಂಚಿಗೆಲ್ಲ ಕಪ್ಪು ಎಳೆಯುತ್ತಿದ್ದಳು. ಎಷ್ಟು ಉದ್ದದ ಗೆರೆಯಾದರೂ ಕೈ ಎತ್ತದೆ, ನಡುಗದೆ. ಮುಂದೆ ಇಲ್ಲೇ ಒಬ್ಬರು ಮಾಮಿಯ ಹತ್ತಿರ ತಂಜಾವೂರು ಶೈಲಿಯ ಚಿತ್ರ ಕಲಿಯಲು ಹೋದಳು. ಚಿನ್ನದ ರೇಕು ಅಂಟಿಸುವುದು, ಕಲ್ಲು ಕೂರಿಸುವುದು, ದೇವರಿಗೆ ಅಗಲವಾದ ಕಣ್ಣು ಬರೆಯುವುದು ಎಲ್ಲ ಬಂತು. ಅಲ್ಲಿಯೂ ಗೆರೆಯದೇ ಆಳ್ವಿಕೆ. ಗೆರೆ ಎಳೆದ ಮೇಲೆ ಬಣ್ಣ ಅದನ್ನು ದಾಟಿ ಹೊರಗೆ ಕಾಲಿಡುವಂತಿಲ್ಲ.

ಹೈಸ್ಕೂಲು ಮುಗಿಸುವ ಹೊತ್ತಿಗೆ ಅವಳು ಬರೆದ ಕಡಗೋಲು ಹಿಡಿದ ಕೃಷ್ಣ ಹೋಟೆಲಿನ ಗೋಡೆ ಏರಿದ. ವಾಸು ಕೂರುವ ಗಲ್ಲಾದ ಎದುರು ಗೋಡೆ. ತಲೆಯೆತ್ತಿದರೆ ಅವನಿಗೆ ಅದೇ ಕಾಣಬೇಕು. ದುಡ್ಡು ಕೊಡಲು ಬಂದ ಗಿರಾಕಿಗಳಿಗೆ ಚಿಲ್ಲರೆ ಕೊಡುವುದನ್ನು ನಿಲ್ಲಿಸಿ, "ನಮ್ಮ ಪೊಣ್ಣು ವರೈಂಜದು", ನಮ್ಮ ಮಗಳು ಬರೆದದ್ದು, ಎಂದು ಹೇಳುತ್ತಿದ್ದ. ಗೆರೆಯನ್ನು ನೋಡಿ, ಎಲ್ಲಿಯೂ ಕೈ ಎತ್ತಿಲ್ಲ ಎಂದು ಬೆರಳಿನಿಂದ ಗಾಳಿಯಲ್ಲೇ ಎಳೆದು ತೋರಿಸುತ್ತಿದ್ದ. ಚಿಲ್ಲರೆಗಾಗಿ ಕಾದು ನಿಂತವರಲ್ಲಿ ನಾನೂ ಒಬ್ಬಳು. ಅಕ್ಕನೆಂದು ಅವನು ಪುಕ್ಕಟೆ ಕೊಡುವವನಲ್ಲ.

ವಾಸುವಿನ ವಿಷಯಕ್ಕೆ ಬಂದೆ, ಅವನ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನಾವು ಚಿಕ್ಕವರಿದ್ದಾಗ ಹೋಟೆಲಿನ ಮೇಲಿನ ಮಹಡಿಯಲ್ಲೇ ವಾಸ. ಬೆಳಗಾಯಿತೆಂದು ನಮಗೆ ತಿಳಿಯುತ್ತಿದ್ದದ್ದು ಕೆಳಗಿನ ಕಾವಲಿಯ ಮೇಲೆ ಸಟ್ಟುಗ ಕೆರೆಯುವ ಸದ್ದಿನಿಂದ. ಆ ದೋಸೆ ಕಾವಲಿ ಒಂದು ಮಂಚದಷ್ಟು ದೊಡ್ಡದು, ಕಬ್ಬಿಣದ್ದು, ಅಪ್ಪನ ಕಾಲದ್ದು. ಒಂದು ಮೂಲೆ ಸ್ವಲ್ಪ ತಗ್ಗು. ಎಣ್ಣೆ ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು. ವಾಸು ಶಾಲೆಗೆ ಹೋಗುವ ಮೊದಲು ಮಣೆಯ ಮೇಲೆ ಹತ್ತಿ ನಿಂತು ದೋಸೆ ಹೊಯ್ಯುತ್ತಿದ್ದ. ಕಾವಲಿ ಕಾದಿದೆಯೇ ಎಂದು ನೋಡಲು ಚೊಂಬಿನ ನೀರಿಗೆ ಬೆರಳು ಅದ್ದಿ ಚಿಮುಕಿಸಬೇಕು. ಚುಯ್ ಎಂದು ಹನಿ ಕುಣಿದರೆ ಸರಿ, ಸುಮ್ಮನೆ ಕೂತರೆ ಇನ್ನೂ ಹೊತ್ತುಂಟು. ಅಪ್ಪ ಇದನ್ನು ಪೂಜೆಯ ಹಾಗೆ ಮಾಡುತ್ತಿದ್ದರು. ವಾಸು ಯಜಮಾನನಾಗಿ ಗಲ್ಲಾದಲ್ಲಿ ಕೂತ ಮೇಲೂ ದಿನದ ಮೊದಲ ನೀರು ಚಿಮುಕಿಸುವ ಕೆಲಸ ಬೇರೆಯವರಿಗೆ ಬಿಟ್ಟಿಲ್ಲ.

ನಂದು ಇಲ್ಲಿಯ ಕಾಲೇಜಿನಲ್ಲಿ ಚಿತ್ರಕಲೆ ಓದಿ, ಆಮೇಲೆ ಹೆಚ್ಚಿನ ಓದಿಗೆಂದು ಸ್ಕಾಟ್ಲೆಂಡಿಗೆ ಹೋದಳು. ವಾಸು ಖುಷಿಯಿಂದಲೇ ಕಳಿಸಿದ. ಅವನ ಲೆಕ್ಕದಲ್ಲಿ ಅಲ್ಲಿ ಹೋದರೆ ಇನ್ನೂ ದೊಡ್ಡ ಕೃಷ್ಣನನ್ನು ಬರೆಯಲು ಕಲಿಸುತ್ತಾರೆ. ನನ್ನ ಲೆಕ್ಕವೂ ಹೆಚ್ಚುಕಡಿಮೆ ಅದೇ ಆಗಿತ್ತು.

ಮೊದಲ ಚಳಿಗಾಲದಲ್ಲಿ ವಿಡಿಯೋ ಕಾಲ್ ಮಾಡಿದಳು. ನಮಗೆ ರಾತ್ರಿ ಊಟದ ಹೊತ್ತು, ಅವಳಿಗೆ ಮಧ್ಯಾಹ್ನದ ಕಾಫಿ ಹೊತ್ತು, ಆದರೆ ಇಬ್ಬರ ಕಿಟಕಿಯಲ್ಲೂ ಕತ್ತಲು; ಚಳಿಗಾಲದಲ್ಲಿ ಅಲ್ಲಿ ಅಷ್ಟು ಬೇಗ ಹೊತ್ತು ಮುಳುಗುತ್ತದಂತೆ. ಮುಖ ಊದಿಕೊಂಡಿತ್ತು.

"ಅತ್ತೆ, ಮಿಸ್ಸು ನನ್ನ ಬ್ಲ್ಯಾಕ್ ಟ್ಯೂಬ್ ಕಿತ್ಕೊಂಡ್ರು."

"ಕಿತ್ತುಕೊಂಡದ್ದಾ? ಯಾಕೆ, ಅವರ ಹತ್ತಿರ ಇಲ್ವಾ?"

"ಅದಿಲ್ಲ ಅತ್ತೆ. ಇಲ್ಲಿ ಇರೋ ತನಕ ಬ್ಲ್ಯಾಕ್ ಯೂಸ್ ಮಾಡಬಾರದಂತೆ. ಡಾರ್ಕ್ ಬೇಕಾದ್ರೆ ಬ್ಲೂ, ಬ್ರೌನ್ ಮಿಕ್ಸ್ ಮಾಡಿ ನೀನೇ ಮಾಡ್ಕೋ ಅಂತಾರೆ. ಔಟ್‌ಲೈನ್ ಕೂಡದಂತೆ. ಕೋರ್ಸ್ ಮುಗಿದ ಮೇಲೆ ಬಂದು ತಗೋ ಅಂತ ಡ್ರಾಯರಲ್ಲಿ ಹಾಕಿ ಬೀಗ ಹಾಕಿದ್ರು. ಗೆರೆ ಇಲ್ಲದೆ ನನಗೆ ಏನ್ ಬರ್ತದೆ ಅತ್ತೆ? ಒಣ್ಣುಮೇ ಇಲ್ಲ, ಏನೂ ಇಲ್ಲ."

ನನಗೆ ಆ ಕಾಣದ ಹೆಂಗಸಿನ ಮೇಲೆ ಸಿಟ್ಟು ಬಂತು. ಪರದೇಶದಲ್ಲಿರುವ ಮಗುವಿನ ಕೈಯಿಂದ ಬಣ್ಣ ಕಿತ್ತುಕೊಳ್ಳುವುದೆಂದರೇನು? ಬೇರೆ ಟ್ಯೂಬು ಕೊಂಡುಕೋ, ಬಾಗಿಲು ಹಾಕಿಕೊಂಡು ಬರಿ ಎಂದು ಉಪದೇಶ ಮಾಡಿದೆ. ನಮ್ಮ ಯಜಮಾನರು ಪಕ್ಕದಲ್ಲಿ ಮಜ್ಜಿಗೆ ಅನ್ನ ಕಲಸುತ್ತ, "ನಿನ್ನನ್ನು ಗುರು ಅಂತ ಇಟ್ಟುಕೊಂಡದ್ದಕ್ಕೆ ಅವಳು ಅಲ್ಲಿ ತನಕ ಹೋಗಬೇಕಾಯ್ತು" ಎಂದರು. ಅವರಿಗೆ ಆ ಹೊತ್ತಿನಲ್ಲಿ ಉಪ್ಪಿನಕಾಯಿ ಬಡಿಸಲಿಲ್ಲ.

ಅದಾಗಿ ಸ್ವಲ್ಪ ಕಾಲ ಅವಳ ಚಿತ್ರಗಳು ಬರಲಿಲ್ಲ. ಬಂದರೂ ಏನೋ ಕೆಸರು. ಆಮೇಲೆ ಒಂದು ದಿನ ನಗುನಗುತ್ತ ಕರೆ ಮಾಡಿದಳು. ದೋಸೆ ತಿನ್ನಬೇಕೆಂಬ ಆಸೆಯಾಗಿ ಒಂದು ಕಬ್ಬಿಣದ ಬಾಣಲೆ ಕೊಂಡಳಂತೆ. ಹೋಟೆಲಿನ ಮಗಳಲ್ಲವೇ, ಹೊಸ ಕಬ್ಬಿಣವನ್ನು ಪಳಗಿಸದೆ ಹಿಟ್ಟು ಹೊಯ್ಯಬಾರದು ಎಂಬುದು ಅವಳಿಗೆ ಗೊತ್ತು. ಎಣ್ಣೆ ಸವರಿ, ಅರ್ಧ ಈರುಳ್ಳಿಯಿಂದ ಉಜ್ಜುತ್ತ, ಹೊಗೆ ಏಳುವ ತನಕ ಕಾಯಿಸಿದ್ದಾಳೆ. ಹೊಗೆ ಎದ್ದಿದೆ. ಹಾಸ್ಟೆಲಿನ ಬೆಂಕಿಯ ಗಂಟೆ ಕಿವಿ ಕಿತ್ತುಹೋಗುವಂತೆ ಬಡಿದುಕೊಂಡಿದೆ. ಇಡೀ ಕಟ್ಟಡದ ಮಕ್ಕಳು ಹಿಮ ಬಿದ್ದ ಬೀದಿಗೆ ಓಡಿ ಬಂದಿದ್ದಾರೆ. ಅಗ್ನಿಶಾಮಕ ದಳವೂ ಬಂದಿದೆ. ಉಳಿದವರು ಕೋಟು, ಪರ್ಸು, ಪಾಸ್‌ಪೋರ್ಟು ಹಿಡಿದು ಬಂದಿದ್ದರೆ ನಮ್ಮವಳು ಬಟ್ಟೆಯಲ್ಲಿ ಬಾಣಲೆ ಹಿಡಿದು ಬಂದಿದ್ದಾಳೆ. ಅಷ್ಟು ಕಷ್ಟಪಟ್ಟು ಪಳಗಿಸಿದ್ದನ್ನು ಬಿಟ್ಟು ಬರುವುದು ಹೇಗೆ?

"ಬೀದಿ ಲೈಟ್ ಕೆಳಗೆ ನಿಂತಿದ್ದೆ ಅತ್ತೆ. ಬೇರೆ ಕೆಲಸ ಇಲ್ಲ, ಬಾಣಲೆ ನೋಡ್ತಾ ಇದ್ದೆ. ಮೇಲಿಂದ ಹಳದಿ ಬೆಳಕು, ಕೆಳಗಿಂದ ಹಿಮದ ಬೆಳಕು. ಅಂಚಲ್ಲಿ ನೇರಳೆ ಬಣ್ಣ ಇದೆ. ಎಣ್ಣೆ ಇದ್ದ ಕಡೆ ಹಸಿರು. ಒಂದು ಕಡೆ ನಮ್ಮ ಕಾಫಿ ಡಿಕಾಕ್ಷನ್ ಹಾಗೆ ಕೆಂಪು. ಕಪ್ಪು ಎಲ್ಲಿದೆ ಅಂತ ಹುಡುಕಿದೆ, ಸಿಗಲೇ ಇಲ್ಲ."

ಎಲ್ಲರೆದುರು ಬೈಗುಳ ತಿಂದು ಬಂದವಳು ಹೀಗೆ ಸಂತೋಷಪಡುವುದನ್ನು ನಾನು ಹಿಂದೆ ಕಂಡಿರಲಿಲ್ಲ. ಅರ್ಥವಾಯಿತೇ ಎಂದರೆ, ಇಲ್ಲ. ಆದರೆ ಅಂದಿನಿಂದ ಚಿತ್ರಗಳು ಬದಲಾದವು. ಗೆರೆ ಪೂರಾ ಮಾಯ. ಒಂದು ಬಣ್ಣ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂದು ಹೇಳುವಂತಿಲ್ಲ. ಕನ್ನಡಕ ಒರೆಸಿಕೊಂಡು ನೋಡಿದೆ, ಕನ್ನಡಕದ ತಪ್ಪಲ್ಲ.

ಓದು ಮುಗಿಸಿ ಬಂದವಳು ನಮ್ಮ ತಾರಸಿಯಲ್ಲೇ ಕೆಲಸಕ್ಕೆ ನಿಂತಳು. ನನ್ನ ದಬರಾ ಟರ್ಪೆಂಟೈನಿಗೆ ಹೋದದ್ದು ಆಗಲೇ. ಒಂದು ಬೆಳಗ್ಗೆ, "ಅತ್ತೆ, ಎಣ್ಣೂರಿಗೆ ಬರ್ತೀರಾ?" ಎಂದಳು. ಎಣ್ಣೂರು ಎಂದರೆ ನನಗೆ ವಿದ್ಯುತ್ ಸ್ಥಾವರದ ಹೊಗೆ, ಬೂದಿ, ಮೀನಿನ ವಾಸನೆ. ಚಿತ್ರ ಬರೆಯಲು ಬೇರೆ ಜಾಗವೇ ಇಲ್ಲವೇ ಎಂದು ಗೊಣಗಿಕೊಂಡೇ ಮೊಸರನ್ನ ಕಟ್ಟಿಕೊಂಡು ಹೋದೆ. ಅಳಿವೆಯ ದಡದಲ್ಲಿ ಒಂದು ಮುರುಕು ದೋಣಿಯ ನೆರಳಿನಲ್ಲಿ ನನ್ನನ್ನು ಕೂರಿಸಿ ತಾನು ಬಿಸಿಲಿನಲ್ಲಿ ನಿಂತಳು. ಎಷ್ಟೋ ಹೊತ್ತು ಬರೆಯಲೇ ಇಲ್ಲ, ಬರೀ ನೋಡಿದಳು. ಮೊದಲಾದರೆ ಬಂದವಳೇ ಗೆರೆ ಎಳೆದುಬಿಡುತ್ತಿದ್ದಳು. ಆಮೇಲೆ ಬರೆದದ್ದರಲ್ಲಿ ಸ್ಥಾವರದ ಚಿಮಣಿಯೇ ಇಲ್ಲ. ನೀರಿನಲ್ಲಿ ಬಿದ್ದ ಅದರ ನೆರಳು ಮಾತ್ರ.

"ಚಿಮಣಿ ಎಲ್ಲಿ ಮಾರಾಯ್ತಿ?"

"ನೀರಲ್ಲಿ ಉಂಟಲ್ಲ ಅತ್ತೆ."

"ಈ ನೀರು ಬೂದಿ ಬಣ್ಣ. ನೀನು ಗುಲಾಬಿ ಹಾಕಿದ್ದಿ."

"ಸರಿಯಾಗಿ ನೋಡಿ."

ನೋಡಿದೆ. ಮೊಸರನ್ನದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ನೋಡಿದೆ. ಇತ್ತು. ಬೂದಿಯ ಅಂಚಿನಲ್ಲಿ, ಅಲೆ ಮಡಚುವ ಕಡೆ, ತೆಳ್ಳಗೆ ಗುಲಾಬಿ ಇತ್ತು. ಇಷ್ಟು ವರ್ಷ ಈ ಊರಿನಲ್ಲಿದ್ದೂ ನನಗೆ ಯಾಕೆ ಕಾಣಲಿಲ್ಲ ಎಂದು ನಾಚಿಕೆಯಾಯಿತು, ಹಿಂದೆಯೇ ಬಹಳ ಸಂತೋಷವೂ ಆಯಿತು. ಆ ಸ್ಕಾಟ್ಲೆಂಡಿನ ಹೆಂಗಸಿನ ಮೇಲಿನ ಸಿಟ್ಟನ್ನು ಅಲ್ಲೇ ಬಿಟ್ಟು ಬಂದೆ. ಅವಳು ನಮ್ಮ ಹುಡುಗಿಗೆ ತಮ್ಮೂರಿನ ಚಿತ್ರ ಬರೆಯಲು ಕಲಿಸಿರಲಿಲ್ಲ. ಒಂದು ಟ್ಯೂಬನ್ನು ಬಚ್ಚಿಟ್ಟು ಕಣ್ಣು ಬಿಡುವಂತೆ ಮಾಡಿದ್ದಳು.

ಆಗಲೇ ಹೋಟೆಲಿನ ರಿಪೇರಿ ನಡೆದಿತ್ತು. ಹಳೆಯ ಕೃಷ್ಣನಿಗೆ ಸಾಂಬಾರಿನ ಹಬೆ, ಎಣ್ಣೆಯ ಹೊಗೆ ತಾಗಿ ಮುಖ ಕಳೆಗುಂದಿತ್ತು. ಹೊಸ ಗೋಡೆಗೆ ಹೊಸ ಕೃಷ್ಣ ಬೇಕು, ಮೊದಲಿನದಕ್ಕಿಂತ ದೊಡ್ಡದು, ಅದೇ ಗೆರೆ, ಅದೇ ಚಿನ್ನ ಎಂದು ವಾಸು ಮಗಳಿಗೆ ಹೇಳಿದ್ದ. ಅವಳು "ನೋಡ್ತೇನೆ ಅಪ್ಪ" ಎಂದಿದ್ದಳು. ಅಡುಗೆಮನೆಗೆ ಹೊಸ ಗ್ಯಾಸಿನ ಒಲೆ, ಹೊಳೆಯುವ ಹೊಸ ಕಾವಲಿ ಬಂತು. ಹಳೆಯದು ಹಿತ್ತಲಿನಲ್ಲಿ ಗೋಡೆಗೆ ಒರಗಿ ನಿಂತಿತ್ತು. ನಂದು ಕೇಳಿದಾಗ ವಾಸು, "ಆ ಕಬ್ಬಿಣ ನಿನಗೆಂತಕ್ಕೆ? ಬೇಕಾದರೆ ತಕೊಂಡು ಹೋಗು, ಹಳೆ ಕಬ್ಬಿಣದವ ಬರುವ ಮೊದಲು" ಎಂದ.

ಆಳುಗಳು ಏದುಸಿರು ಬಿಡುತ್ತ ಅದನ್ನು ನಮ್ಮ ತಾರಸಿಗೆ ಹತ್ತಿಸಿದರು. ಕಾವಲಿಯ ಚಿತ್ರ ಬರೆಯಬೇಕಂತೆ, ಅದೂ ಕಾದ ಕಾವಲಿಯದ್ದು. ಕಾಯಿಸುವ ಕೆಲಸ ನನ್ನ ಪಾಲಿಗೆ ಬಂತು. ಅಡಿಯಲ್ಲಿ ಎರಡು ಬರ್ನರ್ ಇಟ್ಟು, ಎಣ್ಣೆ ಸವರಿ, ನೀರು ಚಿಮುಕಿಸಿ ಹದ ನೋಡಿ, "ಈಗ ಬರಿ" ಎನ್ನುತ್ತಿದ್ದೆ. ಅವಳು ಬರೆಯುವಾಗ ಅದರ ಮೇಲೆ ಹಿಟ್ಟು ಬೀಳಕೂಡದು. ಅವಳು ಕುಂಚ ಕೆಳಗಿಟ್ಟ ಕೂಡಲೇ ನಾನು ಸಟ್ಟುಗ ಎತ್ತಿಕೊಳ್ಳುತ್ತಿದ್ದೆ, ಕಾದ ಕಾವಲಿಯನ್ನು ಸುಮ್ಮನೆ ಆರಲು ಬಿಡುವುದು ನಮ್ಮ ವಂಶದಲ್ಲೇ ಇಲ್ಲ. ತಾರಸಿಯಲ್ಲಿ ಬೆಂಕಿ ಹಚ್ಚುತ್ತಾರೆಂದು ದೂರು ಹೇಳಲು ಮೇಲೆ ಬಂದ ನಮ್ಮ ಕಟ್ಟಡದ ಸಂಘದ ಕಾರ್ಯದರ್ಶಿ ಎರಡು ದೋಸೆ ತಿಂದು ಇಳಿದರು. ಮರುದಿನದಿಂದ ಎಲ್ಲ ಮನೆಯವರೂ ಚಿತ್ರ ಎಲ್ಲಿಗೆ ಬಂತು ಎಂದು ಕೈಯಲ್ಲಿ ತಟ್ಟೆ ಹಿಡಿದು ವಿಚಾರಿಸತೊಡಗಿದರು.

ಚಿತ್ರ ಮುಗಿಯಿತು. ನಮ್ಮ ಯಜಮಾನರು ಮೆಟ್ಟಿಲು ಹತ್ತಿ ಬಂದು ನೋಡಿ, "ಸ್ಲೇಟು ಚೆನ್ನಾಗಿದೆ" ಎಂದು ಇಳಿದರು. ದೂರದಿಂದ ನಿಜವಾಗಿಯೂ ಸ್ಲೇಟೇ. ಹತ್ತಿರ ನಿಂತರೆ ಮಾತ್ರ ನಿಧಾನವಾಗಿ ಒಳಗಿನಿಂದ ಬಣ್ಣ ಏಳುತ್ತಿತ್ತು: ನಡುವೆ ನೀಲಿ, ಅದರ ಸುತ್ತ ಕಂದು, ತಗ್ಗಿನ ಮೂಲೆಯಲ್ಲಿ ಎಣ್ಣೆಯ ಹಸಿರು ಹೊಳಪು. ನಂದು ಇಷ್ಟು ಒಳ್ಳೆಯದನ್ನು ಹಿಂದೆಂದೂ ಬರೆದಿರಲಿಲ್ಲ. ಅದು ನನ್ನಂಥ ಗುಡ್ಡ-ಸೂರ್ಯದವಳಿಗೂ ಗೊತ್ತಾಯಿತು.

ಕಾವಲಿ ಮಾತ್ರ ಹೆಚ್ಚು ದಿನ ಉಳಿಯಲಿಲ್ಲ. ಭಾರಕ್ಕೆ ತಾರಸಿ ಬಿರುಕು ಬಿಡುತ್ತದೆಂದು ಎಂಜಿನಿಯರ್ ಒಬ್ಬರು ಹೆದರಿಸಿ, ಅದು ಹಳೆ ಕಬ್ಬಿಣದ ಗಾಡಿ ಸೇರಿತು.

ಹೋಟೆಲು ಮತ್ತೆ ತೆರೆಯುವ ದಿನ ಹತ್ತಿರ ಬಂದಾಗ ವಾಸು ನಮ್ಮ ಮನೆಗೆ ಬಂದ. ಮಂಡಿನೋವು, ತಾರಸಿ ಹತ್ತಲಾರ. ನಂದು ಫೋನಿನಲ್ಲಿ ಚಿತ್ರದ ಫೋಟೋ ತೆಗೆದು ಅವನ ಕೈಗೆ ಕೊಟ್ಟಳು. ಅವನು ನೋಡಿದ, ತಿರುಗಿಸಿದ, ಒಂದೆರಡು ಸಲ ಒತ್ತಿದ.

"ಫೋನು ಆಫ್ ಆಗಿದೆ ನಂದು."

"ಆಫ್ ಆಗಿಲ್ಲ ಅಪ್ಪ. ಅದೇ ಚಿತ್ರ. ನಮ್ಮ ಕಾವಲಿ."

ಅವನು ಇನ್ನೊಮ್ಮೆ ನೋಡಿದ. "ಕಾವಲಿಗೆ ಒಂದು ದೋಸೆಯಾದರೂ ಹಾಕಬಹುದಿತ್ತಲ್ಲ ಮಾರಾಯ್ತಿ!"

ನಾನು ನಕ್ಕುಬಿಟ್ಟೆ. ಅವರಿಬ್ಬರೂ ನಗಲಿಲ್ಲ. ವಾಸು ಫೋನನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ.

"ನೋಡು, ನನಗೆ ಇದೆಲ್ಲ ಗೊತ್ತಾಗುದಿಲ್ಲ. ಹೋಗುವಾಗ ನಿನ್ನ ಕೈಯಲ್ಲಿ ಒಂದು ಗೆರೆ ಇತ್ತು. ಅದನ್ನು ನೋಡ್ಲಿಕ್ಕೇ ಜನ ನಿಲ್ತಿದ್ದರು. ಅದನ್ನು ಅಲ್ಲಿ ಬಿಟ್ಟು ಬಂದಿದ್ದಿ ಅಂತ ನನಗೆ ಬೇಜಾರು. ಗೋಡೆಗೆ ಕೃಷ್ಣ ಬೇಕು ನಂದು. ಅಷ್ಟೇ."

ಜಗಳವಾಡಿದ್ದರೆ ಚೆನ್ನಾಗಿತ್ತು. ಅವಳು ಜಗಳವಾಡಲಿಲ್ಲ. "ಸರಿ ಅಪ್ಪ" ಎಂದಳು. ಮರುದಿನ ನಾನು ತಾರಸಿಗೆ ಹೋದಾಗ ಹೊಸ ಕ್ಯಾನ್ವಾಸಿನ ಮೇಲೆ ಕೃಷ್ಣ ನಿಂತಿದ್ದ. ಎಲ್ಲಿಯೂ ಕೈ ಎತ್ತದ, ನಡುಗದ ಗೆರೆ. ಗೆರೆ ಎಲ್ಲಿಗೂ ಹೋಗಿರಲಿಲ್ಲ. ಪಕ್ಕದಲ್ಲಿ ಹೊಚ್ಚ ಹೊಸ ಕಪ್ಪು ಟ್ಯೂಬು, ಹೊಟ್ಟೆ ಅದುಮಿಕೊಂಡು ಬಿದ್ದಿತ್ತು. ನಂದು ಅದರ ಮುಂದೆ ಸ್ಟೂಲಿನಲ್ಲಿ ಸುಮ್ಮನೆ ಕೂತಿದ್ದಳು.

"ಬಣ್ಣ ತುಂಬು" ಎಂದೆ.

"ತುಂಬಬೇಕು. ಆದ್ರೆ ಗೆರೆಯೊಳಗೆ ಏನೂ ಕಾಣ್ತಾ ಇಲ್ಲ ಅತ್ತೆ. ಮೊದಲು ಕಾಣ್ತಿತ್ತು." ಆಮೇಲೆ ಮೆಲ್ಲಗೆ, "ಪರವಾಯಿಲ್ಲೆ. ಅಪ್ಪನಿಗೆ ಇದೇ ಇಷ್ಟ ಅಂದ್ರೆ ಇನ್ನು ಇದನ್ನೇ ಮಾಡ್ತೇನೆ. ಅವರ ಹೋಟೆಲಲ್ಲಿ ನನ್ನ ಚಿತ್ರ ಇಲ್ಲದೆ ನಾನು ಬೇರೆ ಎಲ್ಲಿ ತೂಗು ಹಾಕಿದ್ರೂ ಏನ್ ಪ್ರಯೋಜನ?" ಎಂದಳು.

ಅಪ್ಪನ ಮೇಲಿನ ಪ್ರೀತಿಗೆ ಈ ಹುಡುಗಿ ಕಂಡದ್ದನ್ನೆಲ್ಲ ಕಾಣದ ಹಾಗೆ ಮಾಡಿಕೊಳ್ಳಲು ಹೊರಟಿದ್ದಾಳೆ. ಎಣ್ಣೂರಿನ ಗುಲಾಬಿ ಹೋಗುತ್ತದೆ, ಬಾಣಲೆಯ ನೇರಳೆ ಹೋಗುತ್ತದೆ. ವಾಸುವಿಗೆ ಇದನ್ನು ವಿವರಿಸೋಣವೆಂದರೆ ನನಗೆ ವಿವರಿಸಲು ಬಾರದು. ವಿಮಾ ಕಚೇರಿಯಲ್ಲಿ ಕಲಿತ ಒಂದೇ ವಿದ್ಯೆ ನನ್ನಲ್ಲಿತ್ತು: ಎದುರಿನವರ ಭಯವನ್ನು ಹುಡುಕಿ ಹಿಡಿಯುವುದು.

ತೆರೆಯುವ ಹಿಂದಿನ ದಿನ ಫೋನು ಮಾಡಿದೆ. "ವಾಸು, ಕೃಷ್ಣ ಒಣಗಲಿಲ್ಲ. ಎಣ್ಣೆ ಬಣ್ಣ ಅಲ್ವಾ, ವಾರಗಟ್ಟಲೆ ಬೇಕಂತೆ. ನಾಳೆ ಗೋಡೆ ಬೋಳಾಗಿ ಇಟ್ಟು ಬಾಗಿಲು ತೆಗೆಯುವುದಾ?"

ಶುಭದಿನದಲ್ಲಿ ಬೋಳು ಗೋಡೆ ಅವನಿಂದ ಸಹಿಸಲಾಗದು. ಅದು ನನಗೆ ಗೊತ್ತು. "ಎಂತಾದರೂ ತೂಗು ಹಾಕು ಅಕ್ಕ" ಎಂದ. "ಕೃಷ್ಣ ಒಣಗುವ ತನಕ."

ಮರುದಿನ ನಸುಕಿನಲ್ಲೇ ಬಡಗಿಯನ್ನು ಕರೆದುಕೊಂಡು ಹೋಗಿ ಕಾವಲಿಯ ಚಿತ್ರವನ್ನು ಗಲ್ಲಾದ ಎದುರಿಗೆ ಹೊಡೆಸಿಬಿಟ್ಟೆ. ವಾಸು ಆಗ ತರಕಾರಿ ಮಾರ್ಕೆಟ್ಟಿಗೆ ಹೋಗಿದ್ದ, ಬಂದವನು ಹಿತ್ತಲಿನಿಂದಲೇ ಅಡುಗೆಮನೆ ಸೇರಿದ. ನಂದುವಿಗೆ ಬೆಳಗ್ಗೆ ಹೋಟೆಲಿಗೆ ಬಂದ ಮೇಲೆಯೇ ತಿಳಿದದ್ದು. ಮುಖ ಬಿಳಿಚಿಕೊಂಡು, "ಏನತ್ತೆ ಇದು!" ಎಂದು ನನ್ನ ಕೈ ಹಿಡಿದುಕೊಂಡಳು.

ಒಳಗೆ ಅಡುಗೆಮನೆಯಲ್ಲಿ ಪೂಜೆ ಮುಗಿದಿತ್ತು. ವಾಸು ಹೊಸ ಕಾವಲಿಗೆ ನೀರು ಚಿಮುಕಿಸಿದ ಸದ್ದು ಕೇಳಿತು. ಹೆಗಲ ಮೇಲೆ ಬೈರಾಸು, ಎಡಗೈಯಲ್ಲಿ ಚೊಂಬು ಹಿಡಿದುಕೊಂಡೇ ಹಾಲಿಗೆ ಬಂದ. ಭಟ್ಟರಿಗೆ ಏನೋ ಹೇಳುತ್ತ ಬಂದವನು ಚಿತ್ರದ ಎದುರು ನಿಂತ.

ಫೋನಿನಲ್ಲಿ ಅಂಗೈಯಷ್ಟಿದ್ದದ್ದು ಇಲ್ಲಿ ಕಾವಲಿಯಷ್ಟೇ ದೊಡ್ಡದಾಗಿ ಅವನ ಎದೆಯ ಮಟ್ಟಕ್ಕಿತ್ತು. ಬಾಗಿಲಿನಿಂದ ಬೆಳಗಿನ ಬಿಸಿಲು ಓರೆಯಾಗಿ ಅದರ ಮೇಲೆ ಬಿದ್ದಿತ್ತು. ಅವನು ನಡುವನ್ನು ನೋಡಿದ. ತಗ್ಗಿನ ಮೂಲೆಯನ್ನು ನೋಡಿದ. ನೋಡನೋಡುತ್ತ ಬಲಗೈ ತನ್ನಷ್ಟಕ್ಕೆ ಚೊಂಬಿಗೆ ಇಳಿಯಿತು, ಬೆರಳು ಅದ್ದಿತು, ಚಿತ್ರದ ಮೇಲೆ ನೀರು ಚಿಮುಕಿಸಿತು.

ಚಿಮುಕಿಸಿ, ಕತ್ತು ಸ್ವಲ್ಪ ವಾಲಿಸಿ, ಸದ್ದಿಗೆ ಕಾದ.

ಸದ್ದು ಬರಲಿಲ್ಲ. ಹನಿಗಳು ಕ್ಯಾನ್ವಾಸಿನ ಮೇಲೆ ಮೆಲ್ಲಗೆ ಜಾರಿದವು. ಆಗ ಅವನಿಗೆ ಎಚ್ಚರವಾಯಿತು. "ಅಯ್ಯೋ!" ಎಂದು ಗಾಬರಿಯಿಂದ ಬೈರಾಸು ಎಳೆದು ಒರೆಸಲು ಹೋದ. ನಂದು ಓಡಿ ಹೋಗಿ ಅವನ ಮುಂಗೈ ಹಿಡಿದಳು.

"ಒರೆಸಬೇಡಿ ಅಪ್ಪ. ಇನ್ನೂ ಹಸಿ ಇದೆ. ನೀರಿಗೆ ಏನೂ ಆಗೂದಿಲ್ಲ."

ಅವನು ಕೈ ಇಳಿಸಲಿಲ್ಲ, ಅವಳು ಕೈ ಬಿಡಲಿಲ್ಲ. ಅಡುಗೆಯವರು ಬಾಗಿಲಲ್ಲಿ ಬಂದು ನಿಂತಿದ್ದರು. ಯಾರಿಗೂ ನಗು ಬರಲಿಲ್ಲ.

"ಇದಕ್ಕೆ ಕಪ್ಪು ಬಣ್ಣ ಎಷ್ಟು ಹಾಕಿದ್ದಿ?" ಎಂದ ಕೊನೆಗೆ.

"ಸ್ವಲ್ಪವೂ ಇಲ್ಲ ಅಪ್ಪ."

ಅವನು ಹೋಗಿ ಗಲ್ಲಾದಲ್ಲಿ ಕೂತ. ಗಿರಾಕಿಗಳು ಬರತೊಡಗಿದರು. ನಾನು ನಂದುವನ್ನು ಹತ್ತಿರದ ಮೇಜಿನಲ್ಲಿ, ಗಲ್ಲಾಕ್ಕೆ ಬೆನ್ನು ಹಾಕುವಂತೆ ಕೂರಿಸಿ ದೋಸೆ ತರಿಸಿದೆ. ಅವಳಿಗೆ ಅಪ್ಪನ ಮುಖ ಕಾಣುವುದು ಬೇಡವೆಂದು ಹಾಗೆ ಮಾಡಿದೆ. ನನಗೂ ನೋಡಲು ಧೈರ್ಯವಿರಲಿಲ್ಲ.

ಪಕ್ಕದ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು, ದಿನಾ ಬರುವವರು, ಕಾಫಿ ಕುಡಿದು ದುಡ್ಡು ಕೊಡಲು ಹೋದರು. ಗೋಡೆಯ ಕಡೆ ತಿರುಗಿ, "ಎನ್ನ ಸಾರ್, ಕೃಷ್ಣರ್ ಎಂಗೆ?" ಎಂದು, ಕೃಷ್ಣ ಎಲ್ಲಿ ಹೋದ ಎಂದು ವಿಚಾರಿಸಿದರು.

ಕುರ್ಚಿ ಸರಿದ ಸದ್ದಾಯಿತು. ಗಿರಾಕಿಗಳಿರುವಾಗ ವಾಸು ಗಲ್ಲಾ ಬಿಟ್ಟು ಎದ್ದದ್ದನ್ನು ನಾನು ಕಂಡವಳಲ್ಲ. ಎದ್ದು ಬಂದು ಮೇಷ್ಟ್ರ ತೋಳು ಹಿಡಿದು ಚಿತ್ರದ ಹತ್ತಿರ ಕರೆದೊಯ್ದ. ತಮಿಳಿನಲ್ಲಿ ಹೇಳತೊಡಗಿದ: ಇಲ್ಲಿ ನಿಂತು ನೋಡಿ ಸಾರ್, ದೂರ ನಿಂತರೆ ಕಾಣುವುದಿಲ್ಲ. ಈ ನಡುವೆ ಉಂಟಲ್ಲ, ಇದು ಚೆನ್ನಾಗಿ ಕಾದಿದೆ. ಈ ಮೂಲೆ ಇನ್ನೂ ಕಾದಿಲ್ಲ, ಇಲ್ಲಿ ಈಗಲೇ ಹಿಟ್ಟು ಹೊಯ್ದರೆ ಅಂಟುತ್ತದೆ. ಇದು ನಮ್ಮ ಅಪ್ಪನ ಕಾವಲಿ. ನಾನು ಹುಡುಗನಾಗಿದ್ದಾಗಿನಿಂದ ಇದರ ಮುಂದೆ ನಿಂತವನು, ಕಪ್ಪು ಎಂದೇ ತಿಳಿದಿದ್ದೆ. ಇದರಲ್ಲಿ ಕಪ್ಪು ಇಲ್ಲವೇ ಇಲ್ಲ, ಗೊತ್ತಾ ಸಾರ್?

"ಅಪ್ಪೊ ಕೃಷ್ಣರ್?" ಎಂದರು ಮೇಷ್ಟ್ರು, ಬಿಡದೆ.

"ವರುವಾರ್ ಸಾರ್. ಮೆದುವಾ ವರುವಾರ್." ಮೆಲ್ಲಗೆ ಬರುತ್ತಾನೆ, ಅವಸರವೇನಿಲ್ಲ, ಮಗಳ ಕಣ್ಣಿಗೆ ಹೇಗೆ ಕಾಣುತ್ತಾನೋ ಹಾಗೇ ಬರಲಿ ಎಂದ.

ನನ್ನ ಕಣ್ಣು ತುಂಬಿ ಬಂತು, ಮುಚ್ಚಿಡುವುದೇನು. ಸೆರಗಿನಿಂದ ಒರೆಸಿಕೊಂಡು ನಂದುವನ್ನು ನೋಡಿದೆ. ಅವಳು ತಿರುಗಿರಲಿಲ್ಲ. ತಟ್ಟೆಯ ಅಂಚು ಹಿಡಿದು ಕೂತಿದ್ದಳು.

"ದೋಸೆ ಆರಿತು, ತಿನ್ನು" ಎಂದೆ.

"ಇರಿ ಅತ್ತೆ" ಎಂದಳು. "ಅಪ್ಪ ಹೇಳ್ತಾ ಇದ್ದಾರೆ."